ಶಬ್ದಮಣಿದರ್ಪಣದ ಪಾಠಕ್ರಮ

ಪ್ರಾಚೀನ ಶಾಸ್ತ್ರಾಧ್ಯಯನವೆಂದರೆ ಬರಿಯ ಕಂಠಪಾಠವೆಂಬ ಅಭಿಪ್ರಾಯವು ಪ್ರಚಲಿತವಾಗಿದೆ. ಸುಮಾರು ಕ್ರಿ.ಶ. 1260ರಲ್ಲಿ ಜೈನ ವೈಯಾಕರಣನಾದ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ದ ರಚನಾಕ್ರಮವನ್ನು ಪರಿಶೀಲಿಸಿದರೆ ಈ ಮಾತು ನಿಲ್ಲದು. ಇದರ ಸೂತ್ರಗಳು ಕಂದಪದ್ಯಗಳಲ್ಲಿರುವುದರಿಂದ ನೆನಪಿನಲ್ಲಿಡಲು ಸುಲಭ. ಅವುಗಳ ಅರ್ಥವನ್ನು ಗದ್ಯರೂಪದ ವೃತ್ತಿಯು ಬಿಡಿಸುತ್ತದೆ. ಬಳಿಕ ಪ್ರಯೋಗಗಳು ಬರುತ್ತವೆ. ಗಜಗ, ಗುಣನಂದಿ, ಅಸಗ, ಶ್ರೀವಿಜಯ, ಪೊನ್ನ, ಪಂಪ ಮೊದಲಾದ ಪೂರ್ವಕವಿಗಳ ಮಾರ್ಗವೇ ತನಗೆ ಲಕ್ಷ್ಯವೆಂದು ಕೇಶಿರಾಜನು ಗ್ರಂಥಾರಂಭದಲ್ಲಿ ತಿಳಿಸಿದ್ದಾನೆ. ಲಕ್ಷಣಕಾರನ ಮಾತಿಗೂ ಕವಿಗಳ ಬಳಕೆಯೇ ಪ್ರಮಾಣವೆಂಬುದು ಇದರಿಂದ ಸ್ಪಷ್ಟ. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗನಿಗೆ ಇಂತಹ ಲಕ್ಷ್ಯಸಾಮಗ್ರಿಯು ಮನೆಯಲ್ಲಿಯೇ ದೊರೆತಿರಬೇಕು.

ಪ್ರಯೋಗವು ಕಣ್ಣೆದುರಿಗಿರುವಾಗ ವಿದ್ಯಾರ್ಥಿಯು ಸೂತ್ರವನ್ನು ಅದರೊಡನೆ ಹೋಲಿಸಿ ತಾನೇ ಪರೀಕ್ಷಿಸಬಲ್ಲನು. ಅದನ್ನು ತೊರೆದು ಸೂತ್ರಗಳನ್ನಷ್ಟೇ ಬೋಧಿಸಿದರೆ ವಿಧಿಯು ಉಳಿದು ವಿಚಾರವು ಅಳಿಯುತ್ತದೆ. ಮೇಲೆ ಹೆಸರಿಸಿದ ಗಜಗ, ಅಸಗರ ಕನ್ನಡ ಕಾವ್ಯಗಳು ಇಂದು ಉಪಲಬ್ಧವಿಲ್ಲ. ಹೀಗಿರುವಾಗ ಮೂಲಕಾವ್ಯದೊಡನೆ ಹೋಲಿಸಲಾಗದ ಪ್ರಯೋಗಗಳಿಗೆ ಹಸ್ತಪ್ರತಿಗಳೇ ಆಧಾರ. ಆದುದರಿಂದ ಸಂಪಾದಕರು ಪ್ರಯೋಗಭಾಗದ ಪಾಠಾಂತರಗಳನ್ನು ಸೂತ್ರಪಾಠದಷ್ಟೇ ಎಚ್ಚರದಿಂದ ಗುರುತಿಸುವುದು ಅವಶ್ಯ. ಪ್ರಯೋಗದ ಪಾಠವು ಕೆಟ್ಟರೆ ಸೂತ್ರವನ್ನು ಒರೆಗೆ ಹಚ್ಚುವ ಕಲ್ಲೇ ಕೈತಪ್ಪಿದಂತೆ.