ವಾಲ್ಟರ್ ಟಲ್ ಎಂಬ ಹಾಫ್‌ಬ್ಯಾಕ್ ಆಟಗಾರ

ಮೊದಲನೆಯ ಮಹಾಯುದ್ಧದ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ನನ್ನ ಬಳಿ ಕಲಿತವರಿಗೆ ನೆನಪಿರಬಹುದು: ಕರಿಹಲಗೆಯ ಎಡಬದಿಗೆ ಕಾರಣಗಳು, ಬಲಬದಿಗೆ ಪರಿಣಾಮಗಳು, ನಡುವೆ ಸೆರಾಯೆವೋ ನಗರ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಆ ಯುದ್ಧದಲ್ಲಿ ಮಡಿದ ಲಕ್ಷಾಂತರ ಜನರ ಪೈಕಿ ಆಸ್ಟ್ರಿಯಾದ ಯುವರಾಜನೊಬ್ಬನನ್ನು ಬಿಟ್ಟರೆ ಬೇರೆ ಯಾರ ಹೆಸರನ್ನೂ ನಾನು ತರಗತಿಯಲ್ಲಿ ಹೇಳಿದವನಲ್ಲ. ನಿವೃತ್ತನಾದ ಮೇಲೆ ಬಿಡುವಿನ ಓದಿನಲ್ಲಿ ಎದುರಾದ ಅಂಥ ಒಬ್ಬನ ವಿಷಯವನ್ನು ಇಂದು ಬರೆಯುತ್ತಿದ್ದೇನೆ. ಆತ ಇಂಗ್ಲೆಂಡಿನ ಕೆಳ ಲೀಗಿನ ಫುಟ್‌ಬಾಲ್ ಆಟಗಾರ. ಅವನ ಜೀವನದ ಒಂದು ಪ್ರಸಂಗ ನನ್ನ ಹಳೆಯ ತಪ್ಪೊಂದನ್ನೂ ನೆನಪಿಗೆ ತಂದಿತು, ಅದನ್ನೂ ಮುಚ್ಚಿಡುವುದಿಲ್ಲ.

ವಾಲ್ಟರ್ ಟಲ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಇಂಗ್ಲೆಂಡಿನ ಆಗ್ನೇಯ ಕರಾವಳಿಯ ಫೋಕ್‌ಸ್ಟನ್ ಎಂಬ ಊರಿನಲ್ಲಿ. ತಂದೆ ಡೇನಿಯಲ್ ಬಾರ್ಬಡೋಸ್ ದ್ವೀಪದಿಂದ ಬಂದು ನೆಲೆಸಿದ ಬಡಗಿ. ಗುಲಾಮಗಿರಿಯನ್ನು ಅನುಭವಿಸಿದ್ದವನ ಮಗ. ತಾಯಿ ಆಲಿಸ್ ಅಲ್ಲಿಯ ಕೆಂಟ್ ಸೀಮೆಯ ಬಿಳಿಯ ಹೆಣ್ಣುಮಗಳು. 1895ರಲ್ಲಿ ತಾಯಿ ತೀರಿಕೊಂಡಳು. ತಂದೆ ಆಕೆಯ ಸೋದರ ಸಂಬಂಧಿಯನ್ನೇ ಮರುಮದುವೆಯಾದ. ಎರಡು ವರ್ಷ ಕಳೆಯುವುದರೊಳಗೆ ಅವನೂ ಹೊರಟುಹೋದ. ಮಲತಾಯಿ ಎಂದೊಡನೆ ನಮ್ಮ ಜನಪದ ಕಥೆಗಳು ಕಣ್ಣಮುಂದೆ ತರುವ ಚಿತ್ರವೇ ಬೇರೆ. ಈಕೆ ಹಾಗಲ್ಲ, ಮನೆ ತುಂಬ ಮಕ್ಕಳು, ದುಡಿಯುವ ಕೈ ಇಲ್ಲ. ಚರ್ಚಿನ ಹಿರಿಯರ ಸಲಹೆಯಂತೆ 1898ರಲ್ಲಿ ವಾಲ್ಟರನನ್ನೂ ಅವನ ಅಣ್ಣ ಎಡ್ವರ್ಡನನ್ನೂ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ ಮೆಥಡಿಸ್ಟ್ ಅನಾಥಾಲಯಕ್ಕೆ ಸೇರಿಸಲಾಯಿತು. ಸ್ವಲ್ಪ ಕಾಲದಲ್ಲೇ ಗ್ಲಾಸ್ಗೋ ನಗರದ ಒಂದು ಕುಟುಂಬ ಎಡ್ವರ್ಡನನ್ನು ದತ್ತು ತೆಗೆದುಕೊಂಡಿತು. ಅವನು ಮುಂದೆ ದಂತವೈದ್ಯನಾದ. ತಮ್ಮ ಅನಾಥಾಲಯದಲ್ಲೇ ಉಳಿದ. ಆ ಹುಡುಗನಿಗೆ ತಂದೆತಾಯಿಯರ ನಂತರ ಇದ್ದ ಒಬ್ಬ ಅಣ್ಣನೂ ದೂರವಾದದ್ದು ಹೇಗಿದ್ದೀತೆಂದು ನಾವು ಊಹಿಸಬಹುದು, ಅಷ್ಟೆ.

ಅನಾಥಾಲಯದಲ್ಲಿ ಅವನು ಮುದ್ರಣದ ಕೆಲಸ ಕಲಿತ. ಅಲ್ಲಿಯ ತಂಡದಲ್ಲಿ ಫುಟ್‌ಬಾಲ್ ಆಡಿದ. 1908ರಲ್ಲಿ ಕ್ಲ್ಯಾಪ್ಟನ್ ಎಂಬ ಹವ್ಯಾಸಿ ತಂಡ ಅವನನ್ನು ಸೇರಿಸಿಕೊಂಡಿತು. ಆ ಋತುವಿನ ಕೊನೆಗೆ ಕ್ಲ್ಯಾಪ್ಟನ್ ತಂಡ ಅಮೆಚೂರ್ ಕಪ್ ಸೇರಿ ಮೂರು ಕಪ್‌ಗಳನ್ನು ಗೆದ್ದಿತ್ತು! ಪತ್ರಿಕೆಗಳು ಟಲ್‌ನ ಹೆಸರೆತ್ತಿ ಹೊಗಳಿದವು. 1909ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡ ಅವನನ್ನು ವೃತ್ತಿಪರ ಆಟಗಾರನನ್ನಾಗಿ ತೆಗೆದುಕೊಂಡಿತು. ಸಹಿ ಹಾಕಿದ್ದಕ್ಕೆ 10 ಪೌಂಡು, ಮೇಲೆ ವಾರಕ್ಕೆ 4 ಪೌಂಡು. ಎಷ್ಟೇ ದೊಡ್ಡ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ನಿಯಮ ಆಗ ಇತ್ತು. ಇಂದು ಅದೇ ಆಟದಲ್ಲಿ ಓಡಾಡುವ ಹಣದ ಮೊತ್ತವನ್ನು ನನ್ನ ಮೊಮ್ಮಗ ಹೇಳಿದಾಗ ಸೊನ್ನೆಗಳನ್ನು ಎಣಿಸಲು ನನಗೆ ಕನ್ನಡಕ ಬೇಕಾಯಿತು.

ಟಾಟನ್‌ಹ್ಯಾಮ್ ಆಗತಾನೇ ಮೊದಲ ಡಿವಿಷನ್ನಿಗೆ ಏರಿದ್ದ ತಂಡ. ಆ ಬೇಸಿಗೆಯಲ್ಲಿ ಅರ್ಜೆಂಟೀನಾ, ಉರುಗ್ವೆ ದೇಶಗಳ ಪ್ರವಾಸಕ್ಕೆ ಟಲ್‌ನನ್ನೂ ಕರೆದೊಯ್ದರು. ಸೆಪ್ಟೆಂಬರ್‌ನಲ್ಲಿ ಆತ ಮೊದಲ ಡಿವಿಷನ್ ಆಟಗಾರನಾದ. ಅವನಿಗಿಂತ ಮೊದಲು ಕಪ್ಪು ವರ್ಣದವರು ಇಂಗ್ಲೆಂಡಿನಲ್ಲಿ ಆಡಿರಲಿಲ್ಲವೆಂದಲ್ಲ. ಇಂದಿನ ಘಾನಾ ದೇಶದಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ ಎಂಬ ಗೋಲ್‌ಕೀಪರ್ 1880ರ ದಶಕದಲ್ಲೇ ಹೆಸರು ಮಾಡಿದ್ದ. ಆದರೂ ಸಾವಿರಾರು ಪ್ರೇಕ್ಷಕರ ನಡುವೆ ಟಲ್ ಒಬ್ಬನೇ ಎದ್ದು ಕಾಣುತ್ತಿದ್ದ.

1909ರ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್ ನಗರದಲ್ಲಿ ಪಂದ್ಯ. ಅಲ್ಲಿ ಪ್ರೇಕ್ಷಕರ ಒಂದು ಗುಂಪು ಅವನ ಬಣ್ಣವನ್ನು ಹಿಡಿದು ಅಸಹ್ಯವಾಗಿ ಬೈದಿತು. ಪಂದ್ಯವನ್ನು ವರದಿ ಮಾಡಿದ ಪತ್ರಕರ್ತ ಆ ಗುಂಪನ್ನು ಹೇಡಿಗಳೆಂದು ಖಂಡಿಸಿ, ಅಂದು ಮೈದಾನದಲ್ಲಿದ್ದ ಫಾರ್ವರ್ಡ್ ಆಟಗಾರರಲ್ಲೆಲ್ಲ ಟಲ್‌ನೇ ಶ್ರೇಷ್ಠನೆಂದು ಬರೆದ. ಆತ ತಲೆ ಕೆಡಿಸಿಕೊಳ್ಳದೆ ಆಡಿದ ರೀತಿಯನ್ನೂ ಮೆಚ್ಚಿದ. ಆದರೆ ಮುಂದೇನಾಯಿತು? ಕೆಲವೇ ವಾರಗಳಲ್ಲಿ ಟಲ್ ಮೊದಲ ತಂಡದಿಂದ ಮೀಸಲು ತಂಡಕ್ಕೆ ಇಳಿದ. ಎರಡು ಋತುಗಳಲ್ಲಿ ಅವನಿಗೆ ಒಟ್ಟು ಸಿಕ್ಕಿದ್ದು 10 ಲೀಗ್ ಪಂದ್ಯಗಳು, 2 ಗೋಲುಗಳು. ಬೈಗುಳಕ್ಕೂ ಈ ಇಳಿಕೆಗೂ ಸಂಬಂಧವಿತ್ತೆಂದು ಹೇಳುವ ಬರಹದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಇತಿಹಾಸದ ಮೇಷ್ಟ್ರಾಗಿ ಇದ್ದೇ ಇತ್ತೆಂದು ನಾನು ಬರೆಯಲಾರೆ. ಆದರೆ ಇಂಥ ತೀರ್ಮಾನಗಳನ್ನು ಯಾರೂ ಬರೆದಿಡುವುದಿಲ್ಲವೆಂಬುದು ನನಗೆ ಸ್ವಂತ ಅನುಭವದಿಂದ ಗೊತ್ತು.

ಒಂದು ವರ್ಷ ನಮ್ಮ ಶಾಲೆಯ ತಂಡವನ್ನು ವಲಯ ಮಟ್ಟದ ಪಂದ್ಯಾವಳಿಗೆ ಕರೆದೊಯ್ಯುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ದೈಹಿಕ ಶಿಕ್ಷಕರು ರಜೆಯಲ್ಲಿದ್ದರು. ವಿದ್ಯಾರ್ಥಿನಿಲಯದಿಂದ ಬರುತ್ತಿದ್ದ ಒಬ್ಬ ಹುಡುಗ ನಮ್ಮ ತಂಡದ ನಡುಗಂಬ. ಅಂಕಣದ ಅಂಚಿನಲ್ಲಿ ನಿಂತಿದ್ದ ಬೇರೆ ಶಾಲೆಯ ಹುಡುಗರು ಅವನ ಮೈಬಣ್ಣವನ್ನೂ ಜಾತಿಯನ್ನೂ ಸೇರಿಸಿ ಕೂಗತೊಡಗಿದರು. ಅವರ ಮೇಷ್ಟ್ರು ನಕ್ಕರು. ನಾನು ಹೋಗಿ ಜಗಳವಾಡಲಿಲ್ಲ. “ಕಿವಿಗೆ ಹಾಕಿಕೊಳ್ಳಬೇಡ, ಆಡಪ್ಪಾ” ಎಂದೆ. ಅವನು ಆಡಿದ, ನಾವು ಗೆದ್ದೆವು. ಮರುದಿನದ ಪಂದ್ಯಕ್ಕೆ ನಾನು ಅವನನ್ನು ಆಡಿಸಲಿಲ್ಲ. ಗಲಾಟೆಯಾಗುವುದು ಬೇಡವೆಂಬುದು ನನ್ನ ಲೆಕ್ಕಾಚಾರ. ಹುಡುಗನಿಗೆ ಹೇಳಿದ್ದು ಬೇರೆ: “ನಿನ್ನ ಕಾಲು ಊದಿದೆ, ಇವತ್ತು ಸುಧಾರಿಸಿಕೋ.” ಶಾಲೆಯ ಕ್ರೀಡಾ ದಾಖಲೆಯಲ್ಲೂ ಕಾಲುನೋವೆಂದೇ ಬರೆದೆ.

ಇರಲಿ, ಟಲ್‌ನ ಕಥೆಗೆ ಬರೋಣ. 1911ರ ಅಕ್ಟೋಬರ್‌ನಲ್ಲಿ ಅವನನ್ನು ನಾರ್ತ್‌ಹ್ಯಾಂಪ್ಟನ್ ಟೌನ್ ತಂಡ ಒಳ್ಳೆಯ ಬೆಲೆ ಕೊಟ್ಟು ಕೊಂಡಿತು. (ಅದೇ ವರ್ಷದ ಜುಲೈ 29ರಂದು ಕಲ್ಕತ್ತದಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬಿಳಿಯರನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತ್ತು.) ನಾರ್ತ್‌ಹ್ಯಾಂಪ್ಟನ್ ಬೂಟು, ಪಾದರಕ್ಷೆಗಳನ್ನು ತಯಾರಿಸುವ ಊರು, ತಂಡಕ್ಕೆ ‘ಚಮ್ಮಾರರು’ ಎಂಬ ಅರ್ಥದ ಅಡ್ಡಹೆಸರೇ ಇದೆ, ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ ಯಾವ ತಂಡ ಹಾಗೆ ಹೇಳಿಕೊಂಡೀತು? ತಂಡದ ಮೈದಾನವೂ ಸ್ವಂತದ್ದಲ್ಲ. ಕ್ರಿಕೆಟ್ ಕ್ಲಬ್ಬಿನೊಂದಿಗೆ ಹಂಚಿಕೊಂಡದ್ದರಿಂದ ಮೂರು ಕಡೆ ಮಾತ್ರ ಪ್ರೇಕ್ಷಕರು, ನಾಲ್ಕನೆಯ ಕಡೆ ಕ್ರಿಕೆಟ್ ಬಯಲು.

ಆಗಿನ ಫುಟ್‌ಬಾಲ್ ಲೀಗಿನಲ್ಲಿ ಇದ್ದುದು ಎರಡೇ ಡಿವಿಷನ್‌ಗಳು. ಅವುಗಳಲ್ಲಿ ಸ್ಥಾನ ಸಿಗದ ದಕ್ಷಿಣ ಭಾಗದ ವೃತ್ತಿಪರ ತಂಡಗಳು ಸದರ್ನ್ ಲೀಗಿನಲ್ಲಿ ಆಡುತ್ತಿದ್ದವು. ಇವೇ 1920ರಲ್ಲಿ ಫುಟ್‌ಬಾಲ್ ಲೀಗಿನ ಮೂರನೆಯ ಡಿವಿಷನ್ ಆದವು. ಟಲ್‌ನನ್ನು ಅಲ್ಲಿಗೆ ಕರೆಸಿಕೊಂಡ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್; ಹಿಂದೆ ಟಾಟನ್‌ಹ್ಯಾಮ್‌ಗೆ ಆಡಿದ್ದವನು, ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಕಟ್ಟಿ ಪ್ರಸಿದ್ಧನಾದವನು. ಮುಂಚೂಣಿಯ ಆಟಗಾರನಾಗಿದ್ದ ಟಲ್ ಇಲ್ಲಿ ಹಾಫ್‌ಬ್ಯಾಕ್ ಆದ. ಇಂದಿನವರು ಮಿಡ್‌ಫೀಲ್ಡರ್ ಎನ್ನುವ ಕೆಲಸ ಹೆಚ್ಚುಕಡಿಮೆ ಇದೇ. ಫಾರ್ವರ್ಡ್ ಗೋಲು ಹೊಡೆದರೆ ಊರೆಲ್ಲ ಹೆಸರು ಕೂಗುತ್ತದೆ. ಗೋಲ್‌ಕೀಪರ್ ಬಿಟ್ಟರೆ ಊರೆಲ್ಲ ಬೈಯುತ್ತದೆ. ಹಾಫ್‌ಬ್ಯಾಕ್‌ನದು ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿದು ಮುಂದಿನವನಿಗೆ ದಾಟಿಸಿ, ಉಸಿರು ತೆಗೆದುಕೊಳ್ಳುವುದರೊಳಗೆ ಮತ್ತೆ ಹಿಂದಕ್ಕೆ ಓಡುವ ಕೆಲಸ.

ನಾರ್ತ್‌ಹ್ಯಾಂಪ್ಟನ್ನಿಗಾಗಿ ಟಲ್ ಆಡಿದ್ದು 111 ಪಂದ್ಯಗಳು, ಹೊಡೆದದ್ದು 9 ಗೋಲುಗಳು. ಅವುಗಳಲ್ಲಿ 4 ಒಂದೇ ಪಂದ್ಯದಲ್ಲಿ ಬಂದವು. ಎದುರಾಳಿ ಬ್ರಿಸ್ಟಲ್ ನಗರದ ಇನ್ನೊಂದು ತಂಡವಾದ ಬ್ರಿಸ್ಟಲ್ ರೋವರ್ಸ್! ಪುಸ್ತಕಗಳು ಟಾಟನ್‌ಹ್ಯಾಮ್‌ನ ಆ 10 ಪಂದ್ಯಗಳಿಗೆ ಹೆಚ್ಚು ಪುಟ ಕೊಡುತ್ತವೆ, ಅವನ ಹಿರಿಮೆಯೆಲ್ಲ ಅಲ್ಲೇ ಇತ್ತೆಂಬಂತೆ. ನನಗೆ ಅದು ಒಪ್ಪಿಗೆಯಿಲ್ಲ. ದೊಡ್ಡ ತಂಡ ಬೇಡವೆಂದು ಬಿಟ್ಟ ಮೇಲೆ ಸಣ್ಣ ಊರಿಗೆ ಬಂದು, ಹೊಸ ಸ್ಥಾನದ ಆಟವನ್ನು ಕಲಿತು, 111 ಸಲ ತಂಡದ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡದ್ದು ಸಣ್ಣ ಮಾತಲ್ಲ. ಆಟಗಾರನೆಂಬ ನೆಲೆಯಲ್ಲಿ ಅವನು ನಾರ್ತ್‌ಹ್ಯಾಂಪ್ಟನ್ನಿನವನೇ.

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ಯುವಕರು ಸಾಯುತ್ತಿರುವಾಗ ಇವರು ಚೆಂಡಾಡುತ್ತಿದ್ದಾರೆಂದು ಪತ್ರಿಕೆಗಳು ಚುಚ್ಚಿದವು. ಡಿಸೆಂಬರ್‌ನಲ್ಲಿ ಆಟಗಾರರದ್ದೇ ಒಂದು ದಳ, ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೆಯ ಬೆಟಾಲಿಯನ್, ಸಿದ್ಧವಾಯಿತು. ಅದೇ ತಿಂಗಳು ಟಲ್ ಸೇರಿದ. ತನ್ನ ತಂಡದಿಂದ ಮೊದಲು ಹೋದವನು ಅವನೇ. ಸಾರ್ಜೆಂಟ್ ಆದ, ಫ್ರಾನ್ಸಿನ ಕಂದಕಗಳನ್ನು ಕಂಡ. 1916ರ ಬೇಸಿಗೆಗೆ ಮುನ್ನ ಮನಸ್ಸು ಜರ್ಝರಿತವಾಗಿ ಊರಿಗೆ ಮರಳಿ, ಮತ್ತೆ ಹೋಗಿ, ಸೋಮ್ ಕದನದಲ್ಲಿ ಕಾದಿ, ವರ್ಷದ ಕೊನೆಗೆ ಕಂದಕ ಜ್ವರದಿಂದ ಹಿಂದಿರುಗಿದ.

ವಿಚಿತ್ರವಾದದ್ದು ಮುಂದಿನ ಭಾಗ. ಕಪ್ಪು ವರ್ಣದವರು ಆಫೀಸರ್ ಆಗಿ ಆಜ್ಞೆ ಕೊಡುವಂತಿಲ್ಲವೆಂದು 1914ರ ಬ್ರಿಟಿಷ್ ಸೈನಿಕ ಕಾನೂನಿನ ಕೈಪಿಡಿಯಲ್ಲೇ ಇತ್ತು. ಭಾರತೀಯರಿಗೂ ಆಗ ಚಕ್ರವರ್ತಿಯ ಕಮಿಷನ್ ನಿಲುಕದ ಮಾತಾಗಿತ್ತು. ನಮ್ಮ ಕೊಡಗಿನ ಕಾರ್ಯಪ್ಪನವರ ತಂಡ ಇಂದೂರಿನಲ್ಲಿ ತರಬೇತಿ ಮುಗಿಸಿ ಅದನ್ನು ಪಡೆದದ್ದು 1919ರಲ್ಲಿ. ಹೀಗಿದ್ದೂ ಟಲ್‌ನನ್ನು ಅವನ ಮೇಲಧಿಕಾರಿಗಳೇ ಆಫೀಸರ್ ತರಬೇತಿಗೆ ಕಳುಹಿಸಿದರು. 1917ರ ಮೇ 30ರಂದು ಆತ ಸೆಕೆಂಡ್ ಲೆಫ್ಟಿನೆಂಟ್ ಆದ. ಬ್ರಿಟಿಷ್ ಸೈನ್ಯದ ಮೊದಲ ಕಪ್ಪು ಆಫೀಸರ್ ಎಂದು ಅವನನ್ನು ಕರೆಯುವುದುಂಟು. ಅದು ಸರಿಯಲ್ಲ, ಅವನಿಗಿಂತ ಮುಂಚೆ ಕಮಿಷನ್ ಪಡೆದವರ ಹೆಸರುಗಳು ಈಚೆಗೆ ಬೆಳಕಿಗೆ ಬಂದಿವೆ. ಮೊದಲಿಗನಲ್ಲದಿದ್ದರೆ ಅವನೇನೂ ಚಿಕ್ಕವನಾಗುವುದಿಲ್ಲ.

ಇಟಲಿಯ ಪಿಯಾವೆ ನದಿಯ ದಡದಲ್ಲಿ ಒಂದು ರಾತ್ರಿ 26 ಜನರನ್ನು ಕರೆದುಕೊಂಡು ಶತ್ರುಗಳ ದಡಕ್ಕೆ ದಾಟಿ, ಎಲ್ಲರನ್ನೂ ಜೀವಸಹಿತ ಹಿಂದಕ್ಕೆ ತಂದ. ಅವನ ಧೈರ್ಯವನ್ನೂ ಸಮಚಿತ್ತವನ್ನೂ ಮೇಜರ್ ಜನರಲ್ ಲಾಫರ್ಡ್ ಲಿಖಿತವಾಗಿ ಮೆಚ್ಚಿದ. ಅಷ್ಟರಲ್ಲಿ ಫ್ರಾನ್ಸಿಗೆ ವಾಪಸಾಗಬೇಕಾಯಿತು. 1918ರ ಮಾರ್ಚ್ 21ರಂದು ಜರ್ಮನ್ನರ ದೊಡ್ಡ ಆಕ್ರಮಣ ಆರಂಭವಾಗಿ, 25ರಂದು ಫಾವ್ರೆಯ್ ಎಂಬ ಹಳ್ಳಿಯ ಬಳಿ ಟಲ್ ಗುಂಡೇಟಿಗೆ ಬಿದ್ದ. 29 ವರ್ಷ. ಲೆಸ್ಟರ್ ಫಾಸ್ ತಂಡದ ಗೋಲ್‌ಕೀಪರ್ ಆಗಿದ್ದ ಟಾಮ್ ಬಿಲ್ಲಿಂಗ್‌ಹ್ಯಾಮ್ ಎಂಬ ಸೈನಿಕ ಅವನನ್ನು ಎಳೆದು ತರಲು ಹೆಣಗಿ, ಜರ್ಮನ್ನರು ತೀರ ಸಮೀಪಕ್ಕೆ ಬಂದಾಗ ಅಲ್ಲೇ ಬಿಟ್ಟು ಬರಬೇಕಾಯಿತು. ದೇಹ ಮತ್ತೆ ಸಿಗಲಿಲ್ಲ. ಆರಾಸ್ ಪಟ್ಟಣದ ಸ್ಮಾರಕದ ಗೋಡೆಯಲ್ಲಿ ಹೆಸರಿದೆ.

ಮಿಲಿಟರಿ ಕ್ರಾಸ್ ಪದಕಕ್ಕೆ ಅವನ ಹೆಸರನ್ನು ಶಿಫಾರಸು ಮಾಡಲಾಗಿತ್ತೆಂದು ಮೇಲಧಿಕಾರಿಯೊಬ್ಬ ಅಣ್ಣ ಎಡ್ವರ್ಡನಿಗೆ ಕಾಗದ ಬರೆದಿದ್ದ. ಪದಕ ಬರಲಿಲ್ಲ, ಶಿಫಾರಸಿನ ಕಾಗದವೂ ಕಡತಗಳಲ್ಲಿ ಸಿಕ್ಕಿಲ್ಲ. 2018ರಲ್ಲಿ ನೂರಕ್ಕೂ ಹೆಚ್ಚು ಸಂಸತ್ ಸದಸ್ಯರು ಪದಕ ಕೊಡಬೇಕೆಂದು ಸರ್ಕಾರವನ್ನು ಕೇಳಿಕೊಂಡರು. ನಾರ್ತ್‌ಹ್ಯಾಂಪ್ಟನ್ ಊರು ಮಾತ್ರ ಯಾರ ಅಪ್ಪಣೆಗೂ ಕಾಯದೆ 1999ರಲ್ಲೇ ತನ್ನ ಹೊಸ ಕ್ರೀಡಾಂಗಣದ ಬಳಿ ಅವನ ಸ್ಮಾರಕವನ್ನು ನಿಲ್ಲಿಸಿತು. ಅಲ್ಲಿಯ ರಸ್ತೆಗೂ ಅವನದೇ ಹೆಸರು.

ನಮ್ಮ ತಂಡದ ಆ ಹುಡುಗ ಈಗ ಐವತ್ತರ ಹತ್ತಿರ ಇರಬೇಕು. ಎಲ್ಲಿದ್ದಾನೋ ನನಗೆ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಅವನ ಗುರುತಿದ್ದರೆ ಇದನ್ನು ಓದಲು ಹೇಳಿ. ಅಂದು ಅವನ ಕಾಲು ಊದಿರಲಿಲ್ಲ.