ಮುಸ್ಲಿಂ ಬ್ರದರ್‌ಹುಡ್
ಇಸ್ಲಾಮೀ ಮೂಲಭೂತವಾದದ ಆಧುನಿಕ ಸಂಘಟನೆಗಳಲ್ಲಿ ಬಹಳ ಪ್ರಭಾವಶಾಲಿಯಾದುದು. ಅರಬ್ಬೀ ಹೆಸರು ಅಲ್-ಇಖ್ವಾನ್ ಅಲ್-ಮುಸ್ಲಿಮೂನ್. ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ 1928ರಲ್ಲಿ ಶಾಲಾ ಶಿಕ್ಷಕ ಹಸನ್ ಅಲ್-ಬನ್ನಾ ಸ್ಥಾಪಿಸಿದ. ತುರ್ಕಿಯಲ್ಲಿ ಖಿಲಾಫತ್ ರದ್ದಾಗಿ ಆಗ ನಾಲ್ಕೇ ವರ್ಷ. ಊರು ಸೂಯೆಜ್ ಕಾಲುವೆ ಕಂಪನಿಯದು: ವಿದೇಶಿ ಅಧಿಕಾರಿಗಳಿಗೆ ಬಂಗಲೆ, ಸ್ಥಳೀಯ ಕೂಲಿಗಳಿಗೆ ಇಕ್ಕಟ್ಟಿನ ಕೇರಿ, ಅರಬ್ಬರ ಬೀದಿಗಳಲ್ಲೂ ಪರಭಾಷೆಯ ನಾಮಫಲಕ. ಬನ್ನಾನ ಮೊದಲ ಸಂಗಾತಿಗಳು ಅಲ್ಲಿನ ಆರು ಮಂದಿ ದುಡಿಮೆಗಾರರು. ಚಳವಳಿಯನ್ನು ಬರಿಯ ಮತಾವೇಶವೆಂದು ತಳ್ಳಿಹಾಕಿದರೆ ಈ ಹುಟ್ಟು ಅರ್ಥವಾಗದು.

ಮೊದಲು ವ್ಯಕ್ತಿ ಮತ್ತು ಕುಟುಂಬವನ್ನು ತಿದ್ದಿ, ಕೊನೆಗೆ ಷರೀಅತ್‌ಗೆ ಬದ್ಧವಾದ ಪ್ರಭುತ್ವವನ್ನು ಕಟ್ಟುವುದು ಗುರಿ. ಅದಕ್ಕಾಗಿ ಮಸೀದಿ, ಶಾಲೆ, ಚಿಕಿತ್ಸಾಲಯಗಳು ಎದ್ದವು. ಗುಪ್ತ ಸಶಸ್ತ್ರ ದಳವೂ ಬೆಳೆಯಿತು. 1948ರಲ್ಲಿ ಪ್ರಧಾನಿ ನುಕ್ರಾಶಿಯನ್ನು ಸಂಘಟನೆಯ ಸದಸ್ಯನೊಬ್ಬ ಕೊಂದ. ಮರುವರ್ಷ ಬನ್ನಾನೇ ಕೈರೋದಲ್ಲಿ ಗುಂಡಿಗೆ ಬಲಿಯಾದ.

ಮುಂದೆ ಈಜಿಪ್ಟಿನ ಅಧ್ಯಕ್ಷ ನಾಸರ್‌ನ ಸೆರೆಮನೆಯಲ್ಲಿ ಸಂಘಟನೆಯ ಚಿಂತಕ ಸಯ್ಯಿದ್ ಕುತ್ಬ್‌ನ ವಿಚಾರ ಉಗ್ರವಾಯಿತು. ದೈವೀ ಕಾನೂನನ್ನು ಬಿಟ್ಟ ಮುಸ್ಲಿಂ ಸಮಾಜವೂ 'ಜಾಹಿಲಿಯ್ಯಾ', ಅಂದರೆ ಇಸ್ಲಾಂಪೂರ್ವದ ಅಜ್ಞಾನ ಎಂದನಾತ. ಇದರಲ್ಲಿ ನಿಜಾಮನ ಸೀಮೆಯ ಔರಂಗಾಬಾದಿನಲ್ಲಿ ಹುಟ್ಟಿದ ಇಸ್ಲಾಮೀ ಚಿಂತಕ ಮೌದೂದಿಯ ಋಣ ದೊಡ್ಡದು. ಕುತ್ಬ್‌ನನ್ನು 1966ರಲ್ಲಿ ಗಲ್ಲಿಗೇರಿಸಲಾಯಿತು. ಅಲ್-ಕೈದಾದ ಜವಾಹಿರಿ ಅವನನ್ನೇ ಮಾರ್ಗದರ್ಶಕನೆಂದು ಬಗೆದ. ಈಜಿಪ್ಟಿನ ಮಾತೃಸಂಘಟನೆ ಮಾತ್ರ ಚುನಾವಣೆಯ ಹಾದಿ ಹಿಡಿಯಿತು.

ಪ್ಯಾಲೆಸ್ಟೀನ್ ಶಾಖೆಯಿಂದ 1987ರಲ್ಲಿ ಹಮಾಸ್ ಹುಟ್ಟಿತು. 2012ರಲ್ಲಿ ಬ್ರದರ್‌ಹುಡ್‌ನ ಮೊಹಮ್ಮದ್ ಮೊರ್ಸಿ ಈಜಿಪ್ಟಿನ ಅಧ್ಯಕ್ಷನಾದ. ಒಂದೇ ವರ್ಷದಲ್ಲಿ ಸೇನೆ ಅವನನ್ನು ಕೆಳಗಿಳಿಸಿತು. 2013ರ ಡಿಸೆಂಬರಿನಲ್ಲಿ ಸರ್ಕಾರ ಸಂಘಟನೆಯನ್ನು ಭಯೋತ್ಪಾದಕವೆಂದು ಸಾರಿತು.