ಹಳೆಯ ಕ್ಯಾರವಾನ್‌ನಲ್ಲಿ ನೀರು ಸೋರುತ್ತಿದೆಯೇ? ಸೀಲಂಟ್ ಹಚ್ಚುವ ಮುನ್ನ ಈ ವಿಷಯಗಳು ತಿಳಿದಿರಲಿ

ಸೂರತ್: ಹಳೆಯ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಹಾಳಾಗುವುದು ಹೆಚ್ಚಾಗಿ ಎಂಜಿನ್‌ನಿಂದಲ್ಲ, ನೀರಿನಿಂದ. ಛಾವಣಿಯ ಒಂದು ಸ್ಕ್ರೂ ಸಡಿಲವಾದರೂ ಸಾಕು, ಎರಡು ಮೂರು ಮಳೆಗಾಲದಲ್ಲಿ ಗೋಡೆಯೊಳಗಿನ ಮರ ಲಡ್ಡಾಗುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಗೋಡೆಯ ಮೇಲೆ ಕಲೆ ಕಾಣಿಸುವ ಹೊತ್ತಿಗೆ ಒಳಗಿನ ಚೌಕಟ್ಟು ಅರ್ಧ ಹೋಗಿರುತ್ತದೆ.

ಅಂಗಡಿಯಿಂದ ಸಿಲಿಕೋನ್ ಟ್ಯೂಬ್ ತಂದು ಬಿರುಕಿಗೆ ಬಳಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಒದ್ದೆ ಮರವನ್ನು ಹಾಗೆಯೇ ಮುಚ್ಚಿಬಿಟ್ಟರೆ ಸೋರಿಕೆಗಿಂತ ದೊಡ್ಡ ನಷ್ಟವಾಗಬಹುದು. ನೀರು ಬರುವ ದಾರಿ ಹುಡುಕುವುದು, ಪೂರ್ತಿ ಒಣಗಿಸುವುದು, ಆಮೇಲೆ ಮುಚ್ಚುವುದು: ಈ ಕ್ರಮ ತಪ್ಪಬಾರದು.

ಗುಜರಾತ್‌ನಲ್ಲಿ ಈ ಸಮಸ್ಯೆ ಏಕೆ ಬೇರೆ?

ಹಳೆಯ ವಾಹನಗಳ ಮೇಲಿನ ಪ್ರೀತಿ ಗುಜರಾತ್‌ಗೆ ಹೊಸದಲ್ಲ. ಅಹಮದಾಬಾದ್ ಹೊರವಲಯದ ಕಠವಾಡಾದಲ್ಲಿ ಪ್ರಾಣ್‌ಲಾಲ್ ಭೋಗಿಲಾಲ್ ಅವರ ಸಂಗ್ರಹದ ಆಟೋ ವರ್ಲ್ಡ್ ವಿಂಟೇಜ್ ಕಾರ್ ಮ್ಯೂಸಿಯಂ ಇದೆ. ವಡೋದರಾದ ಲಕ್ಷ್ಮೀ ವಿಲಾಸ ಅರಮನೆಯ ಆವರಣದಲ್ಲಿ 2023ರ ಜನವರಿಯಲ್ಲಿ ‘21 ಗನ್ ಸೆಲ್ಯೂಟ್’ ವಿಂಟೇಜ್ ಕಾರು ಪ್ರದರ್ಶನ ನಡೆದಿತ್ತು. ಹಿಂದಿನ ಕಾಲದ ಎಷ್ಟೋ ಕಾರುಗಳಲ್ಲಿ ತಗಡಿನ ಹೊದಿಕೆಯ ಒಳಗೆ ಮರದ ಚೌಕಟ್ಟು ಇರುತ್ತಿತ್ತು. ಹಳೆಯ ಕ್ಯಾರವಾನ್‌ಗಳ ರಚನೆಯೂ ಬಹುತೇಕ ಇದೇ: ಹೊರಗೆ ತೆಳುವಾದ ಅಲ್ಯೂಮಿನಿಯಂ, ನಡುವೆ ಮರದ ಪಟ್ಟಿ ಮತ್ತು ಉಷ್ಣನಿರೋಧಕ ಪದರ, ಒಳಗೆ ಪ್ಲೈವುಡ್.

ಈ ಮೂರು ನಗರಗಳ ಹವೆ ಒಂದೇ ಅಲ್ಲ. ಅಹಮದಾಬಾದ್‌ನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾದರೆ, ಸೂರತ್‌ನಲ್ಲಿ 1,200 ಮಿ.ಮೀ. ಆಸುಪಾಸು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಸೂರತ್‌ಗೆ ಅರಬ್ಬಿ ಸಮುದ್ರ ಹತ್ತಿರ. ಉಪ್ಪು ಬೆರೆತ ತೇವದ ಗಾಳಿಗೆ ಕಬ್ಬಿಣದ ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ. ತುಕ್ಕು ಹಿಡಿದ ಸ್ಕ್ರೂ ಸುತ್ತಲಿನ ರಂಧ್ರ ದೊಡ್ಡದಾಗುತ್ತದೆ, ಅಲ್ಲಿಂದಲೇ ನೀರು ಒಳಗೆ ಇಳಿಯುತ್ತದೆ.

ಮೊದಲು ಇದು ಮಳೆ ನೀರೇ ಎಂದು ಖಚಿತಪಡಿಸಿಕೊಳ್ಳಿ

ಒಳಗೆ ಕಾಣುವ ತೇವಕ್ಕೆ ಮೂರು ಮೂಲಗಳಿರಬಹುದು.

* ಮಳೆ ನೀರು: ಛಾವಣಿ, ಕಿಟಕಿ, ಮೂಲೆಯ ಪಟ್ಟಿ, ಹಿಂದಿನ ದೀಪದ ಸುತ್ತ ಅಥವಾ ಚಕ್ರದ ಕಮಾನಿನ ಬಳಿಯಿಂದ ಬರುವ ನೀರು. ಮಳೆಯಾದ ಮೇಲಷ್ಟೇ ಹೆಚ್ಚಾಗುತ್ತದೆ.
* ಪೈಪಿನ ನೀರು: ಸಿಂಕ್, ಟ್ಯಾಂಕ್, ಪಂಪ್‌ನ ಜೋಡಣೆಗಳಿಂದ ಸೋರುವುದು. ಬೇಸಿಗೆಯಲ್ಲೂ ನೆಲ ಒದ್ದೆಯಾಗುತ್ತಿದ್ದರೆ ಮೊದಲು ಇದನ್ನೇ ನೋಡಿ.
* ಹಬೆಯ ನೀರು: ಉಸಿರು, ಅಡುಗೆ, ಒಣಹಾಕಿದ ಬಟ್ಟೆಯಿಂದ ಹುಟ್ಟುವ ತೇವ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಲೀಟರ್‌ನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಸಣ್ಣ ಕ್ಯಾರವಾನ್‌ಗೆ ಇದು ಕಡಿಮೆ ಪ್ರಮಾಣವಲ್ಲ.

ಇವುಗಳ ವ್ಯತ್ಯಾಸ ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅಂಗೈ ಅಗಲದ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಒಳಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಒಂದು ದಿನ ಬಿಟ್ಟು ನೋಡಿ. ಹೊರಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಫಾಯಿಲ್‌ನ ಹಿಂಬದಿ ಒದ್ದೆಯಾಗಿದ್ದರೆ ತೇವ ಗೋಡೆಯ ಒಳಗೇ ಇದೆ ಎಂದರ್ಥ.

ಕಿಟಕಿ ತೆರೆದಿಡುವ ಸಲಹೆ ಇಲ್ಲಿ ನಡೆಯುವುದಿಲ್ಲ

ಕ್ಯಾರವಾನ್ ನಿರ್ವಹಣೆಯ ಹೆಚ್ಚಿನ ಸಲಹೆಗಳು ಬ್ರಿಟನ್, ಯುರೋಪ್‌ನಿಂದ ಬಂದವು. ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಚಳಿ. ಕಿಟಕಿ ತೆರೆದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಸೂರತ್‌ನ ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. ದಿನವಿಡೀ ಕಿಟಕಿ ತೆರೆದಿಟ್ಟರೆ ಆ ತೇವವೇ ಒಳಗೆ ಬಂದು ಹಾಸಿಗೆ, ಪರದೆ, ಪ್ಲೈವುಡ್‌ನಲ್ಲಿ ಸೇರಿಕೊಳ್ಳುತ್ತದೆ.

ಎಸಿ ಬಳಸುವವರಿಗೆ ಇನ್ನೊಂದು ತೊಂದರೆ. ಎಸಿಯನ್ನು 18 ಡಿಗ್ರಿಗೆ ಇಟ್ಟರೆ ಒಳಗೋಡೆ ತಣ್ಣಗಾಗುತ್ತದೆ. ಬಿರುಕುಗಳಿಂದ ನುಸುಳಿದ ಹೊರಗಿನ ಬಿಸಿ, ತೇವದ ಗಾಳಿ ಆ ತಣ್ಣನೆಯ ಪ್ಲೈವುಡ್‌ನ ಹಿಂಬದಿಗೆ ತಾಗಿ ನೀರಾಗುತ್ತದೆ. ಎಲ್ಲಿಯೂ ಸೋರಿಕೆ ಇಲ್ಲದಿದ್ದರೂ ಗೋಡೆಯೊಳಗೆ ಬೂಷ್ಟು ಬರಲು ಇದು ಕಾರಣವಾಗಬಹುದು. ಮಳೆಗಾಲದಲ್ಲಿ ಎಸಿಯನ್ನು 25–26 ಡಿಗ್ರಿಗೆ ಇಡುವುದು, ಅದರಿಂದ ಹೊರಬರುವ ನೀರಿನ ಪೈಪ್ ಕಟ್ಟಿಕೊಂಡಿಲ್ಲವೇ ಎಂದು ನೋಡುವುದು ಒಳ್ಳೆಯದು. ನಿಲ್ಲಿಸಿಟ್ಟ ವಾಹನಕ್ಕಾದರೆ ಕಿಟಕಿ, ಬಾಗಿಲು ಮುಚ್ಚಿ ತೇವ ಹೀರುವ ಡಿಹ್ಯೂಮಿಡಿಫೈಯರ್ ಓಡಿಸಬಹುದು.

ಆದರೆ ಗ್ಯಾಸ್ ಒಲೆ ಉರಿಯುವಾಗ ಈ ನಿಯಮ ಅನ್ವಯಿಸದು. ಆಗ ಗಾಳಿಕಿಂಡಿ ತೆರೆದಿರಲೇಬೇಕು. ಮುಚ್ಚಿದ ವಾಹನದಲ್ಲಿ ಗ್ಯಾಸ್ ಉರಿಸಿದರೆ ಕಾರ್ಬನ್ ಮೋನಾಕ್ಸೈಡ್ ಸೇರಿ ಪ್ರಾಣಕ್ಕೇ ಅಪಾಯ. ಸ್ಥಿರ ಗಾಳಿಕಿಂಡಿಗಳನ್ನು ಸೋರಿಕೆಯ ನೆಪದಲ್ಲಿ ಎಂದಿಗೂ ಮುಚ್ಚಬಾರದು.

ಸೋರುವ ಜಾಗ ಪತ್ತೆ ಹಚ್ಚುವುದು ಹೇಗೆ?

ನೀರು ತೊಟ್ಟಿಕ್ಕುವ ಜಾಗವೇ ನೀರು ಒಳಬರುವ ಜಾಗ ಎಂದುಕೊಳ್ಳುವಂತಿಲ್ಲ. ಛಾವಣಿಯ ಮುಂಭಾಗದಲ್ಲಿ ಒಳಬಂದ ನೀರು ಮರದ ಪಟ್ಟಿ ಹಿಡಿದು ಹರಿದು ಹಿಂಬದಿಯ ಕಪಾಟಿನಲ್ಲಿ ಇಳಿಯಬಹುದು. ವಾಹನ ಯಾವ ಕಡೆಗೆ ವಾಲಿ ನಿಂತಿದೆ ಎಂಬುದನ್ನೂ ಗಮನಿಸಬೇಕು.

1. ಸ್ಕ್ರೂಡ್ರೈವರ್ ಹಿಡಿಯಿಂದ ಗೋಡೆಯನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಮರದ ಸದ್ದು ಬೇರೆ, ಲಡ್ಡಾದ ಮರದ ಮಂದ ಸದ್ದು ಬೇರೆ.
2. ಕಿಟಕಿಯ ಕೆಳಮೂಲೆ, ಬಾಗಿಲ ಬಳಿಯ ನೆಲ, ಹಾಸಿಗೆ ಪೆಟ್ಟಿಗೆಯ ಒಳಭಾಗವನ್ನು ಬೆರಳಿನಿಂದ ಒತ್ತಿ ನೋಡಿ.
3. ತೇವ ಅಳೆಯುವ ಮೀಟರ್ ಇದ್ದರೆ ಒಂದೊಂದು ಅಡಿಗೂ ಅಳತೆ ತೆಗೆದು ಬರೆದಿಡಿ. ಸಾಮಾನ್ಯವಾಗಿ 15 ಶೇಕಡದವರೆಗೆ ಚಿಂತೆಯಿಲ್ಲ. 20 ದಾಟಿದರೆ ಪರಿಶೀಲನೆ ಬೇಕು. 30 ದಾಟಿದರೆ ಮರಕ್ಕೆ ಹಾನಿಯಾಗಿರುವ ಸಾಧ್ಯತೆ ಹೆಚ್ಚು. ಮಳೆಗಾಲದ ಅಳತೆ ಸ್ವಲ್ಪ ಏರುವುದು ಸಹಜ. ಹಾಗಾಗಿ ಒಂದೇ ಅಂಕಿಗಿಂತ, ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮುಖ್ಯ.
4. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಛಾವಣಿಗೆ ನೀರು ಸುರಿದರೆ ಯಾವ ಜೋಡಣೆಯಿಂದ ಬಂತು ಎಂದು ತಿಳಿಯುವುದಿಲ್ಲ. ಜೋರು ಒತ್ತಡದ ವಾಷರ್ ಬೇಡ, ಅದು ಇಲ್ಲದ ಸೋರಿಕೆಯನ್ನೂ ಸೃಷ್ಟಿಸುತ್ತದೆ.

ನೀರಿನ ಪರೀಕ್ಷೆಗೂ, ಗೋಡೆ ಬಿಚ್ಚುವುದಕ್ಕೂ ಮುನ್ನ ಬ್ಯಾಟರಿ ಮತ್ತು 230 ವೋಲ್ಟ್ ಸಂಪರ್ಕ ಎರಡನ್ನೂ ತೆಗೆದಿರಬೇಕು. ಬೂಷ್ಟು ಇರುವ ಹಲಗೆ ಕೀಳುವಾಗ ಎನ್‌95 ಮಾಸ್ಕ್ ಹಾಕಿಕೊಳ್ಳಿ. ಅಸ್ತಮಾ ಇರುವವರು ಈ ಕೆಲಸದಿಂದ ದೂರವಿರುವುದೇ ಲೇಸು.

ಒಣಗಿಸಲು ಬೇಸಿಗೆಯೇ ಸರಿಯಾದ ಕಾಲ

ಮಾರ್ಚ್‌ನಿಂದ ಮೇವರೆಗಿನ ಬಿಸಿಲು ಗುಜರಾತ್‌ನ ಕ್ಯಾರವಾನ್ ಮಾಲೀಕರಿಗೆ ಪುಕ್ಕಟೆಯಾಗಿ ಸಿಗುವ ಡ್ರೈಯರ್. ಒದ್ದೆ ಜಾಗದ ಒಳಹಲಗೆ, ನೀರು ಹೀರಿದ ಉಷ್ಣನಿರೋಧಕ ಪದರ ತೆಗೆದು, ನೆರಳಿನಲ್ಲಿ ಫ್ಯಾನ್ ಗಾಳಿ ಆಡುವಂತೆ ಬಿಡಬೇಕು. ಹೀಟ್ ಗನ್ ಹಿಡಿದರೆ ಪ್ಲೈವುಡ್ ಸೊಟ್ಟಗಾಗಿ ಪದರ ಬಿಡುತ್ತದೆ. ಮೀಟರ್‌ನ ಅಂಕಿ ಪಕ್ಕದ ಒಣ ಜಾಗದ ಮಟ್ಟಕ್ಕೆ ಇಳಿಯುವವರೆಗೆ ಕಾಯಬೇಕು. ಇದಕ್ಕೆ ಕೆಲವು ವಾರಗಳೇ ಹಿಡಿಯಬಹುದು.

ಲಡ್ಡಾದ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ಪಟ್ಟಿ ಕೂರಿಸಬೇಕು. ಸೂರತ್‌ನವರಿಗೆ ಇದರಲ್ಲಿ ಅನುಕೂಲವಿದೆ. ವಲಸಾಡ್, ಡಾಂಗ್ ಭಾಗದ ತೇಗ ಹೆಸರುವಾಸಿ. ಪ್ಲೈವುಡ್ ಕೊಳ್ಳುವಾಗ ಐಎಸ್ 710 ಮುದ್ರೆ ಇರುವ ಮೆರೈನ್ ಪ್ಲೈ ಕೇಳಿ. ಭಾವನಗರ ಜಿಲ್ಲೆಯ ಅಲಂಗ್ ಹಡಗು ಒಡೆಯುವ ಯಾರ್ಡ್‌ನ ಹೊರಗಿರುವ ಅಂಗಡಿ ಸಾಲಿನಲ್ಲಿ ಹಡಗುಗಳಿಂದ ಬಿಚ್ಚಿದ ಮರದ ಸಾಮಾನು, ಹಳೆಯ ಫಿಟ್ಟಿಂಗ್‌ಗಳು ಮಾರಾಟಕ್ಕಿರುತ್ತವೆ.

ಯಾವ ಸೀಲಂಟ್ ಸೂಕ್ತ?

ಅಲ್ಯೂಮಿನಿಯಂ ಪಟ್ಟಿ, ಕಿಟಕಿ ಚೌಕಟ್ಟಿನ ಅಡಿಗೆ ಬ್ಯೂಟೈಲ್ ಟೇಪ್ ಒಳ್ಳೆಯದು. ಅದು ಗಟ್ಟಿಯಾಗದೆ ಮೆತ್ತಗೇ ಉಳಿಯುವುದರಿಂದ ವಾಹನ ಅಲುಗಾಡಿದರೂ ಬಿರುಕು ಬಿಡುವುದಿಲ್ಲ. ಎಪಾಕ್ಸಿ ಪುಟ್ಟಿ ಕಲ್ಲಿನಂತೆ ಗಟ್ಟಿಯಾಗಿ, ರಸ್ತೆಯ ಕುಲುಕಾಟಕ್ಕೆ ಸೀಳುತ್ತದೆ. ಸಿಲಿಕೋನ್ ಒಮ್ಮೆ ಹಚ್ಚಿದರೆ ಅದರ ಮೇಲೆ ಬಣ್ಣವಾಗಲಿ, ಬೇರೆ ಸೀಲಂಟ್ ಆಗಲಿ ಸರಿಯಾಗಿ ಅಂಟುವುದಿಲ್ಲ. ಛಾವಣಿಗೆ ಡಾಂಬರು ಬಳಿಯುವುದಂತೂ ಬೇಡವೇ ಬೇಡ. ಸೋರುವ ಜಾಗ ಅದರಡಿ ಮುಚ್ಚಿಹೋಗಿ, ಮುಂದಿನ ಸಲ ಹುಡುಕುವುದೇ ಕಷ್ಟವಾಗುತ್ತದೆ.

ಹಳೆಯ ಸೀಲಂಟ್ ಪೂರ್ತಿ ಕೆರೆದು ತೆಗೆದ ಮೇಲೆಯೇ ಹೊಸದು ಹಚ್ಚಬೇಕು. ಬಿಸಿಲಿಗೆ ಗಟ್ಟಿಯಾದ ಕಿಟಕಿ ರಬ್ಬರ್ ಬದಲಿಸಿ.

ಆರ್‌ಟಿಒ ನಿಯಮ ಮರೆಯಬೇಡಿ

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿದೆ. 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ನಂಬರ್ ಪ್ಲೇಟ್‌ನಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ₹20,000, ಮರು ನೋಂದಣಿಗೆ ₹5,000 ಶುಲ್ಕ, ಅವಧಿ 10 ವರ್ಷ. ನಿತ್ಯದ ಓಡಾಟಕ್ಕಾಗಲಿ, ವಾಣಿಜ್ಯ ಬಳಕೆಗಾಗಲಿ ಅವಕಾಶವಿಲ್ಲ.

ವಾಹನ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಮುಖ್ಯ ಷರತ್ತು. ಸೋರುತ್ತಿದೆ ಎಂದು ಛಾವಣಿಯನ್ನೇ ಕತ್ತರಿಸಿ ಫೈಬರ್ ಮೇಲ್ಛಾವಣಿ ಕೂರಿಸಲು ಹೊರಟವರು ಈ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಕೆಲಸಕ್ಕೆ ಮುನ್ನ ಮತ್ತು ನಂತರದ ಫೋಟೋಗಳನ್ನು ತೆಗೆದಿಡುವುದು ಉತ್ತಮ.

ನಿಲ್ಲಿಸುವ ಜಾಗವೂ ಮುಖ್ಯ

2006ರ ಆಗಸ್ಟ್‌ನಲ್ಲಿ ಉಕಾಯಿ ಜಲಾಶಯದಿಂದ ಬಿಟ್ಟ ನೀರಿನಿಂದ ತಾಪಿ ನದಿ ಉಕ್ಕಿ ಸೂರತ್‌ನ ಬಹುಭಾಗ ಮುಳುಗಿತ್ತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾ ಜಲಾವೃತವಾಗಿತ್ತು. ಮಳೆಗಾಲದಲ್ಲಿ ವಾಹನವನ್ನು ಎತ್ತರದ ಜಾಗದಲ್ಲಿ, ಕಾಂಕ್ರೀಟ್ ನೆಲದ ಮೇಲೆ, ನೀರು ಹರಿದುಹೋಗುವಂತೆ ಸ್ವಲ್ಪ ವಾಲಿಸಿ ನಿಲ್ಲಿಸಿ. ಮಣ್ಣಿನ ಮೇಲೆ ನಿಲ್ಲಿಸಿದರೆ ತೇವದ ಜತೆ ಗೆದ್ದಲೂ ಬರುತ್ತದೆ. ಟಾರ್ಪಾಲಿನ್ ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಹೊರಹೋಗದು. ಬದಿಗಳು ತೆರೆದಿರುವ ತಗಡಿನ ಶೆಡ್ ಇದಕ್ಕಿಂತ ಮೇಲು.

ಹಳೆಯದನ್ನು ಕೊಳ್ಳುವವರಿಗೆ

ಸಾಧ್ಯವಾದರೆ ಮಳೆ ಬಂದ ಮರುದಿನವೇ ಹೋಗಿ ನೋಡಿ. ಬಾಗಿಲು ತೆರೆದ ಕೂಡಲೇ ಬರುವ ವಾಸನೆ ಗಮನಿಸಿ. ಮುಗ್ಗಲು ವಾಸನೆ ಇದ್ದರೆ, ಅಥವಾ ಒಂದೇ ಮೂಲೆಗೆ ಹೊಸ ಬಣ್ಣ, ಹೊಸ ವಾಲ್‌ಪೇಪರ್ ಕಂಡರೆ ಆ ಹಲಗೆಯನ್ನು ತಟ್ಟಿ ನೋಡದೆ ಮುಂಗಡ ಕೊಡಬೇಡಿ. ಎಂಜಿನ್ ದುರಸ್ತಿಗೆ ಮೆಕ್ಯಾನಿಕ್ ಎಲ್ಲೆಡೆ ಸಿಗುತ್ತಾರೆ. ಲಡ್ಡಾದ ಚೌಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಬಲ್ಲ ಬಡಗಿ ಸಿಗುವುದು ಅಷ್ಟು ಸುಲಭವಲ್ಲ.